ಅವ್ವನ ಕೈಗೆ ಕೆಲಸ ಇರಲಿ: ಡಿಮೆನ್ಷಿಯಾ ಬಂದ ಮನೆಯವರಿಗೆ

ದಾರಿಯಲ್ಲಿ ಸಿಕ್ಕವರ ಹೆಸರು ತಟ್ಟನೆ ನೆನಪಾಗಲಿಲ್ಲ ಅಂದರೆ ಗಾಬರಿ ಬೀಳಬೇಡಿ. ಚಾಳೀಸು ಹುಡುಕಿ ಹುಡುಕಿ ಕೊನೆಗೆ ತಲೆ ಮೇಲೇ ಸಿಕ್ಕರೂ ಚಿಂತೆಯಿಲ್ಲ. ವಯಸ್ಸಾದಂತೆ ನೆನಪು ನಿಧಾನವಾಗುತ್ತದೆ. ಮರೆತ ಹೆಸರು ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಬರುತ್ತದೆ. ಆದರೆ ನಲವತ್ತು ವರ್ಷ ಯುಗಾದಿಗೆ ಮನೆಮಂದಿಗೆಲ್ಲ ಹೋಳಿಗೆ ಮಾಡಿ ಬಡಿಸಿದ ಅವ್ವ, ಈ ಸಲ ಬೇಳೆ ಬೇಯಲು ಇಟ್ಟು ಮುಂದೇನು ಅಂತ ತೋಚದೆ ಒಲೆ ಮುಂದೆ ನಿಂತುಬಿಟ್ಟರೆ? ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿ ನಡೆಸಿದ ಅಪ್ಪ ಉದ್ರಿ ಲೆಕ್ಕ ಕೂಡಿಸಲು ಬರದೆ ಪುಸ್ತಕ ಮುಚ್ಚಿಟ್ಟು, ಕೇಳಿದರೆ ಸಿಟ್ಟಾದರೆ? ಆಗ ಡಾಕ್ಟರ ಹತ್ತಿರ ಹೋಗಬೇಕು.

ಮೊದಲು ರೂಢಿಯಲ್ಲಿದ್ದ ಯಾವ ಕೆಲಸ ಈಗ ಕೈಲಾಗುತ್ತಿಲ್ಲ? ಡಿಮೆನ್ಷಿಯಾ ಗುರುತಿಸಲು ಮನೆಯವರು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದೇ. ಎಷ್ಟು ಮರೆಯುತ್ತಾರೆ ಎಂಬುದು ಆಮೇಲಿನ ಮಾತು.

ನಮ್ಮ ಕಡೆ ಇದು ತಡವಾಗಿ ಗೊತ್ತಾಗಲು ಒಂದು ಕಾರಣ ನಮ್ಮ ಮನೆಗಳೇ. ಅವ್ವ ಉಪ್ಪು ಎರಡು ಸಲ ಹಾಕತೊಡಗಿದರೆ ಸೊಸೆ ಸದ್ದಿಲ್ಲದೆ ಅಡಿಗೆ ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಅಪ್ಪ ಚಿಲ್ಲರೆ ತಪ್ಪು ಕೊಟ್ಟರೆ ಮಗ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾನೆ. "ವಯಸ್ಸಾತು, ಇನ್ನ ಆರಾಮ ಇರ್ರಿ" ಅಂತ ಎಲ್ಲರೂ ಹೇಳುತ್ತಾರೆ. ಪ್ರೀತಿಯೇ, ತಪ್ಪಿಲ್ಲ. ಆದರೆ ರೋಗ ಈ ಪ್ರೀತಿಯ ಹಿಂದೆ ಎರಡು ಮೂರು ವರ್ಷ ಅಡಗಿ ಕೂತುಬಿಡುತ್ತದೆ. ಮನೆಯಲ್ಲಿ ಮದುವೆ ಬಂದಾಗಲೋ, ಬೆಂಗಳೂರಿನ ಮಗಳ ಮನೆಗೆ ಹೋದಾಗಲೋ, ಸಂಗಾತಿ ತೀರಿಕೊಂಡಾಗಲೋ ಒಮ್ಮೆಲೇ ಹೊರಬರುತ್ತದೆ. "ಮೊನ್ನೆವರೆಗೂ ಚಲೋ ಇದ್ದರು" ಅನ್ನುತ್ತೇವೆ. ದಿನದ ರೂಢಿ ಅವರನ್ನು ಹಿಡಿದು ನಿಲ್ಲಿಸಿತ್ತು, ಅಷ್ಟೇ.

ಡಿಮೆನ್ಷಿಯಾ ಅನ್ನುವುದು ಒಂದೇ ರೋಗವಲ್ಲ. ಮಿದುಳಿನ ಬೇರೆ ಬೇರೆ ರೋಗಗಳಿಂದ ನೆನಪು, ಯೋಚನೆ, ಮಾತು, ನಡವಳಿಕೆ ಕೆಟ್ಟು, ದಿನದ ಬದುಕಿಗೇ ಅಡ್ಡಿಯಾಗುವ ಸ್ಥಿತಿಗೆ ಆ ಹೆಸರು. ಈ ಪೈಕಿ ಅಲ್ಝೈಮರ್ ರೋಗದ ಪಾಲು ಶೇಕಡ 60ರಿಂದ 70. ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ನೋಡಿದ ಹೆಂಗಸು ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51 ವರ್ಷ. ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಜಾಸ್ತಿ.

ಅಲ್ಝೈಮರ್‌ನಲ್ಲಿ ಎರಡು ಪ್ರೋಟೀನುಗಳು ಕೆಡುತ್ತವೆ. ಅಮಿಲಾಯ್ಡ್ ಅನ್ನುವುದು ನರಕೋಶಗಳ ಹೊರಗೆ ಗಟ್ಟಿಯಾಗಿ ಕೂಡುತ್ತದೆ. ಟೌ ಅನ್ನುವುದು ಕೋಶದ ಒಳಗೆ ಗಂಟುಗಂಟಾಗುತ್ತದೆ. ಇದು ಶುರುವಾಗುವುದು ಲಕ್ಷಣ ಕಾಣುವುದಕ್ಕೆ ಹದಿನೈದು-ಇಪ್ಪತ್ತು ವರ್ಷ ಮೊದಲೇ. ಮೊದಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಕಿವಿಯ ನೇರಕ್ಕೆ, ಮಿದುಳಿನ ಒಳಗಡೆ ಇರುವ ಸಣ್ಣ ಭಾಗ ಅದು. ಅದರ ಕೆಲಸ ಹಳೆ ಪೇಟೆಯ ಅಂಗಡಿ ಗುಮಾಸ್ತನದ್ದು. ದಿನದ ವ್ಯವಹಾರವನ್ನು ಕಿರ್ದಿಯಿಂದ ಖಾತೆಗೆ ಏರಿಸುವವನು ಅವನೇ. ಗುಮಾಸ್ತ ಹಾಸಿಗೆ ಹಿಡಿದರೆ ಹಳೆ ಖಾತೆಯ ಪುಟಗಳೇನೂ ಅಳಿಸಿಹೋಗುವುದಿಲ್ಲ, ಇವತ್ತಿನದು ಮಾತ್ರ ಬರೆಯದೇ ಉಳಿಯುತ್ತದೆ. 1970ರಲ್ಲಿ ನಡೆದ ಮದುವೆಯ ಊಟದ ಬಗ್ಗೆ ಸವಿವರ ಹೇಳುವ ಅಜ್ಜ, ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲ ಅನ್ನುವುದು ಇದಕ್ಕೇ. ಬೇಕಂತಲೇ ನಾಟಕ ಮಾಡುತ್ತಾರೆ ಅಂತ ಕೆಲವರಿಗೆ ಅನ್ನಿಸುತ್ತದೆ. ನಾಟಕವಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಾಗ "ಈಗಷ್ಟೇ ಹೇಳಿದ್ನಲ್ಲಾ" ಅನ್ನುವ ನಮ್ಮ ಮಾತಿಗೆ ಅರ್ಥವೂ ಇಲ್ಲ. ಆ ಉತ್ತರ ಒಳಗೆ ಎಲ್ಲೂ ದಾಖಲಾಗಿಲ್ಲ. ಅವರ ಪಾಲಿಗೆ ಪ್ರತಿ ಸಲವೂ ಅದು ಮೊದಲನೇ ಪ್ರಶ್ನೆ.

ಇನ್ನೊಂದು ಸಂಗತಿ ಆರೈಕೆಗೆ ತುಂಬ ಉಪಯೋಗದ್ದು. ಕೈ ಕಲಿತ ವಿದ್ಯೆ ಮಿದುಳಿನ ಬೇರೆ ಭಾಗಗಳಲ್ಲಿ ಉಳಿದಿರುತ್ತದೆ. ಅಲ್ಝೈಮರ್ ಅಲ್ಲಿಗೆ ತಲುಪುವುದು ತಡವಾಗಿ. ಹಬ್ಬದ ಅಡಿಗೆಯ ಯೋಜನೆ ಮಾಡಲಾಗದ ಅವ್ವ ಹಿಟ್ಟು ಕೈಗೆ ಕೊಟ್ಟರೆ ದುಂಡಗೆ ರೊಟ್ಟಿ ಬಡಿಯುತ್ತಾಳೆ. ಮಗನ ಹೆಸರು ತಪ್ಪುವ ಅಜ್ಜ ಭಜನೆಯ ಪದವನ್ನು ಒಂದಕ್ಷರ ಬಿಡದೆ ಹಾಡುತ್ತಾರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಳಿದ ಬಗೆಗಳಲ್ಲಿ ಮೊದಲನೆಯದು ರಕ್ತನಾಳದ ಡಿಮೆನ್ಷಿಯಾ. ಬಿಪಿ, ಸಕ್ಕರೆ ಹತೋಟಿಯಲ್ಲಿಲ್ಲದೆ, ಸಣ್ಣ ದೊಡ್ಡ ಲಕ್ವಗಳಾಗಿ ಮಿದುಳಿಗೆ ರಕ್ತ ಕಡಿಮೆಯಾಗುವುದರಿಂದ ಬರುತ್ತದೆ. ಇದು ಮೆಟ್ಟಿಲು ಇಳಿದ ಹಾಗೆ ಬೀಳುವುದುಂಟು: ಕೆಲವು ತಿಂಗಳು ಹಾಗೇ ಇದ್ದು ಒಮ್ಮೆಲೇ ಕೆಳಗೆ. ಲೂವಿ ಬಾಡಿ ಎಂಬ ಬಗೆಯಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣಿಸುತ್ತವೆ, ನಡಿಗೆ ನಿಧಾನವಾಗುತ್ತದೆ, ಒಂದು ದಿನ ಚುರುಕು, ಮರುದಿನ ಮಂಕು. ಇವರಿಗೆ ಭ್ರಮೆ ತಗ್ಗಿಸಲು ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಬಗೆ ಯಾವುದು ಅಂತ ತಿಳಿಯುವುದು ಬರೀ ಹೆಸರಿನ ಪ್ರಶ್ನೆಯಲ್ಲ. ಮಿದುಳಿನ ಮುಂಭಾಗಕ್ಕೆ ಬರುವ ಬಗೆಯೊಂದು 45ರಿಂದ 65ರ ನಡುವೆಯೇ ಕಾಣಿಸಿಕೊಳ್ಳುವುದು ಹೆಚ್ಚು. ಅದರಲ್ಲಿ ಮೊದಮೊದಲು ನೆನಪು ಚೆನ್ನಾಗಿಯೇ ಇರುತ್ತದೆ, ಸ್ವಭಾವ ಬದಲಾಗುತ್ತದೆ. ಮರ್ಯಾದಸ್ಥ ಮನುಷ್ಯ ಎಲ್ಲರ ಮುಂದೆ ಅಸಭ್ಯವಾಗಿ ಮಾತಾಡತೊಡಗುತ್ತಾನೆ. ಇಂಥವರನ್ನು ಮಾಟ-ಮಂತ್ರ ಅಂತ ಊರೂರು ತಿರುಗಿಸಿ ವರ್ಷ ಕಳೆಯುವ ಮನೆಗಳು ಇನ್ನೂ ಇವೆ.

ಈಗ ಪರೀಕ್ಷೆ. ಡಾಕ್ಟರ ಬಳಿ ಬೇಗ ಹೋಗಿ ಅನ್ನುವುದಕ್ಕೆ ದೊಡ್ಡ ಕಾರಣ, ಡಿಮೆನ್ಷಿಯಾದಂತೆ ಕಾಣುವ ಎಷ್ಟೋ ತೊಂದರೆಗಳಿಗೆ ಚಿಕಿತ್ಸೆ ಇದೆ. ವಿಟಮಿನ್ ಬಿ12 ಕೊರತೆ ಒಂದು. ಅದು ಸಿಗುವುದು ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಮೂಲದ ಆಹಾರದಿಂದ. ಶುದ್ಧ ಸಸ್ಯಾಹಾರಿಗಳಾಗಿದ್ದು, ವಯಸ್ಸಾದ ಮೇಲೆ ಹಾಲು ಮೊಸರನ್ನೂ ಕಡಿಮೆ ಮಾಡಿದ ನಮ್ಮ ಹಿರಿಯರಲ್ಲಿ ಈ ಕೊರತೆ ಅಪರೂಪವಲ್ಲ. ಥೈರಾಯ್ಡ್ ಕಡಿಮೆಯಾದರೂ ಮಂಕು ಕವಿಯುತ್ತದೆ. ಖಿನ್ನತೆ ಬಂದವರೂ "ಏನೂ ನೆನಪಿರಂಗಿಲ್ಲ" ಅನ್ನುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಕೆಲವು ವಾರಗಳ ಮೇಲೆ ಮಿದುಳಿನ ಸುತ್ತ ರಕ್ತ ಕೂಡಿ ಗೊಂದಲ ಶುರುವಾಗಬಹುದು, ಆಪರೇಷನ್‌ನಿಂದ ಗುಣವಾಗುತ್ತದೆ. ನಿದ್ದೆ ಗುಳಿಗೆ, ಅಲರ್ಜಿ ಗುಳಿಗೆಗಳೂ ಈ ಆಟ ಆಡುತ್ತವೆ. ಹಾಗಾಗಿ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಒಂದು ಎಚ್ಚರಿಕೆ. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ನಿನ್ನೆವರೆಗೆ ಸರಿಯಿದ್ದವರು ಒಂದೆರಡು ದಿನದಲ್ಲಿ ಗೊಂದಲಗೊಂಡು ಏನೇನೋ ಮಾತಾಡತೊಡಗಿದರೆ ಅದು ಬೇರೆ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಕಡಿಮೆ, ಮಲಬದ್ಧತೆ, ಏನಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೊದಲೇ ಡಿಮೆನ್ಷಿಯಾ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಿಗೆ ಹೋಗುವುದು? ಹುಬ್ಬಳ್ಳಿಯ ಕಿಮ್ಸ್, ಈಗ ಕೆಎಂಸಿಆರ್‌ಐ ಅಂತ ಹೆಸರು ಬದಲಾಗಿದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಸತ್ತೂರಿನ ಎಸ್‌ಡಿಎಂ. ಗದಗ, ಹಾವೇರಿಯವರಿಗೆ ತಮ್ಮ ಜಿಲ್ಲಾ ಆಸ್ಪತ್ರೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಯೋಜನೆಯಲ್ಲಿ ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ಶುರು ಮಾಡಿದ್ದಾರೆ, ಅದನ್ನು ಕೇಳಿ. ಶಾಲೆಗೆ ಹೋಗದ ಅವ್ವನಿಗೆ ಇಂಗ್ಲಿಷಿನಿಂದ ತಂದ ಪ್ರಶ್ನೆ ಹಾಕಿ ನಪಾಸು ಮಾಡುವುದು ಅನ್ಯಾಯ ಅಲ್ವಾ? ಓದು ಬರಹ ಬಾರದವರಿಗೂ ಹೊಂದುವ ಪರೀಕ್ಷೆಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದೆ, ಕನ್ನಡದಲ್ಲೂ ಇವೆ. ಸ್ಕ್ಯಾನ್ ಒಂದರಿಂದಲೇ ಎಲ್ಲ ಗೊತ್ತಾಗುವುದಿಲ್ಲ. ಜೊತೆಯಲ್ಲಿ ವಾಸಿಸುವವರು ಹೇಳುವ ಸಂಗತಿಗೆ ಸ್ಕ್ಯಾನಿನಷ್ಟೇ ಬೆಲೆ. ಹಾಗಾಗಿ ದೂರದ ಊರಿಂದ ಬಂದ ದೊಡ್ಡಮಗನ ಬದಲು ದಿನಾ ನೋಡುವ ಸೊಸೆ ಹೋಗಲಿ.

ಔಷಧದ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೇಳುವುದು ಕಡಿಮೆ ಇದೆ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಂಟೀನ್ ಕೆಲವರಿಗೆ ಕೆಲಕಾಲ ಸ್ವಲ್ಪ ಅನುಕೂಲ ಮಾಡುತ್ತವೆ, ರೋಗ ನಿಲ್ಲಿಸುವುದಿಲ್ಲ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅವು ಆರಂಭದ ಹಂತದ ಅಲ್ಝೈಮರ್‌ಗೆ ಮಾತ್ರ. ಇಳಿತದ ವೇಗ ಸ್ವಲ್ಪ ತಗ್ಗುತ್ತದೆ, ವಾಸಿಯಾಗುವುದಿಲ್ಲ. ಮಿದುಳಲ್ಲಿ ಬಾವು, ರಕ್ತಸ್ರಾವ ಆಗುವ ಭಯದಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಸುದ್ದಿ ನೋಡಿ ಹೊಲ ಮಾರಲು ಹೊರಡಬೇಡಿ. ಒಂದೆಲಗದ ಚಟ್ನಿ ರುಚಿಯಾಗಿರುತ್ತದೆ, ತಿನ್ನಿ. ಅದರಿಂದ ಡಿಮೆನ್ಷಿಯಾ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ.

ಹಾಗಾದರೆ ಉಳಿದದ್ದು ಆರೈಕೆ, ಅಲ್ಲೇ ನಿಜವಾದ ಕೆಲಸ ಇರುವುದು.

ಸಂಜೆ ಆರರ ಹೊತ್ತಿಗೆ ತನ್ನ ಸ್ವಂತ ಮನೆಯಲ್ಲೇ ಕೂತ ಅವ್ವ ಗಂಟು ಕಟ್ಟಿಕೊಂಡು "ನಾ ಮನಿಗೆ ಹೋಗ್ತೀನಿ" ಅಂತ ಎದ್ದು ನಿಲ್ಲುತ್ತಾಳೆ. ದಣಿವು, ಮಬ್ಬು ಬೆಳಕು, ಕೆಟ್ಟ ದೇಹ ಗಡಿಯಾರ, ಎಲ್ಲ ಸೇರಿ ಹೊತ್ತು ಮುಳುಗುವಾಗ ಗೊಂದಲ ಜಾಸ್ತಿಯಾಗುತ್ತದೆ. "ಇದ ನಿನ್ನ ಮನಿ ಅಲ್ಲೇನು, ಎಲ್ಲಿಗೆ ಹೊಂಟಿ?" ಅಂತ ವಾದಕ್ಕೆ ಇಳಿದರೆ ಜಗಳ ಖಂಡಿತ. ಅವಳು ಕೇಳುತ್ತಿರುವ ಮನೆ ಬಹುಶಃ ತವರು. ಅಲ್ಲಿದ್ದ ನಿಶ್ಚಿಂತೆ ಅವಳಿಗೆ ಬೇಕಾಗಿದೆ. "ಹೋಗೂಣಂತ ಯವ್ವಾ, ಮೊದಲ ಒಂದ್ ಕಪ್ ಚಾ ಕುಡಿಯೂಣು. ನಿಮ್ಮೂರಾಗ ಎಷ್ಟ ಎಮ್ಮಿ ಇದ್ವು?" ಅಂತ ಮಾತು ತಿರುಗಿಸಿ. ಚಾ ಮುಗಿಯುವಷ್ಟರಲ್ಲಿ ಎಷ್ಟೋ ಸಲ ಹೊರಡುವ ಅವಸರ ಕರಗಿರುತ್ತದೆ. ಕರಗದಿದ್ದರೆ ಓಣಿಯಲ್ಲಿ ಒಂದು ಸುತ್ತು ಹಾಕಿಸಿ ಕರೆತನ್ನಿ. ಕತ್ತಲಾಗುವ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕಿ.

ಸುಳ್ಳು ಹೇಳಿದಂತಾಗುವುದಿಲ್ಲವೇ ಅಂತ ಕೆಲವರಿಗೆ ಸಂಕಟ. ತೀರಿಹೋದ ಗಂಡನನ್ನು "ಎಲ್ಲಿ ಹೋದ್ರು?" ಅಂತ ಹುಡುಕುವ ಅಜ್ಜಿಗೆ ಪ್ರತಿ ಸಲ ಸಾವಿನ ಸುದ್ದಿ ಹೇಳಿದರೆ ಅವಳು ಪ್ರತಿ ಸಲ ಹೊಸದಾಗಿ ವಿಧವೆಯಾಗುತ್ತಾಳೆ. "ಅಜ್ಜನ ನೆನಪು ಬಂತೇನು? ಅವರಿಗೆ ಏನ್ ಊಟ ಸೇರ್ತಿತ್ತು?" ಅಂತ ಕೇಳಿದರೆ ಸುಳ್ಳೂ ಇಲ್ಲ, ಗಾಯವೂ ಇಲ್ಲ. ಯಾಕೆ ಅಂತ ಮರೆತುಹೋದ ಮೇಲೂ ದುಃಖ ಮನಸ್ಸಿನಲ್ಲಿ ಉಳಿಯುತ್ತದೆ. ಖುಷಿಯೂ ಹಾಗೇ.

ಎಲ್ಲಕ್ಕಿಂತ ಹೆಚ್ಚು ಮನೆ ಒಡೆಯುವುದು ಕಳ್ಳತನದ ಆರೋಪ. "ನನ್ನ ಪಾಟ್ಲಿ ಸೊಸಿ ಕದ್ದಾಳ." ಆಗುವುದು ಹೀಗೆ: ಕಳೆದೀತು ಅನ್ನುವ ಭಯಕ್ಕೆ ಅವ್ವನೇ ಬಳೆಯನ್ನು ಬಚ್ಚಿಡುತ್ತಾಳೆ. ಬಚ್ಚಿಟ್ಟದ್ದು ದಾಖಲಾಗುವುದಿಲ್ಲ. ಇಟ್ಟದ್ದು ನೆನಪಿಲ್ಲ, ವಸ್ತು ಕಾಣುತ್ತಿಲ್ಲ, ಹಾಗಾದರೆ ಯಾರೋ ತೆಗೆದಿದ್ದಾರೆ. ಮಿದುಳು ಖಾಲಿ ಜಾಗ ತುಂಬುವುದೇ ಹಾಗೆ. ಹತ್ತಿರ ಇರುವವರ ಮೇಲೇ ಅನುಮಾನ ಬೀಳುತ್ತದೆ, ಅಂದರೆ ಹೆಚ್ಚು ಸೇವೆ ಮಾಡುವವಳ ಮೇಲೆ. ಸೊಸೆ ತನ್ನ ಪ್ರಾಮಾಣಿಕತೆ ಸಾಬೀತು ಮಾಡಲು ಹೋಗಬೇಕಿಲ್ಲ. "ಬರ್ರಿ ಅತ್ತಿ, ಇಬ್ರೂ ಹುಡುಕೂಣು" ಅಂದರೆ ಸಾಕು. ಜೋಳದ ಡಬ್ಬಿ, ದಿಂಬಿನ ಒಳಗೆ, ಸೀರೆಯ ಮಡಿಕೆ, ದೇವರ ಜಗಲಿಯ ಹಿಂದೆ ನೋಡಿ. ಬೆಲೆಬಾಳುವುದನ್ನು ಲಾಕರ್‌ಗೆ ಹಾಕಿ, ಕೈಗೆ ಉಮಾ ಗೋಲ್ಡಿನ ಬಳೆ ತೊಡಿಸಿಬಿಡಿ. ನಂಟರಿಗೂ ಮೊದಲೇ ವಿಷಯ ಹೇಳಿಡಿ, ಇಲ್ಲದಿದ್ದರೆ ಆ ಮಾತು ಊರು ತಿರುಗುತ್ತದೆ.

ಸ್ನಾನ ಬೇಡ ಅನ್ನುವುದು ಹಟವಲ್ಲ. ಚಳಿ, ಬೀಳುವ ಭಯ, ಬೇರೆಯವರ ಮುಂದೆ ಬಟ್ಟೆ ತೆಗೆಯುವ ಸಂಕೋಚ, ಇವುಗಳಲ್ಲಿ ಒಂದಿರುತ್ತದೆ. ಬೆಚ್ಚಗಿನ ಹೊತ್ತು ಆರಿಸಿ. ಬಕೆಟ್ಟು, ತಂಬಿಗೆ, ಕೂರಲು ಗಟ್ಟಿ ಸ್ಟೂಲು ಇಟ್ಟು, ಮೈಮೇಲೆ ಒಂದು ಟವೆಲ್ ಹೊದಿಸಿ, ನೀರು ಮೊದಲು ಕಾಲಿನ ಮೇಲೆ. ಮುಂದೇನು ಮಾಡುತ್ತೀರಿ ಅಂತ ಒಂದೊಂದೇ ಹೇಳುತ್ತ ಹೋಗಿ. ದಿನಾ ಆಗಲೇಬೇಕು ಅಂತೇನಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ನಡೆಯುತ್ತದೆ. ಮಡಿಯಲ್ಲೇ ಬದುಕಿದವರಿಗೆ "ಪೂಜಿಗೆ ಹೊತ್ತಾತು" ಅನ್ನುವ ಮಾತು ಕೆಲಸ ಮಾಡಬಹುದು.

ಇನ್ನು ಕೈಗೆ ಕೆಲಸ. ಸುಮ್ನೆ ಟಿವಿ ಮುಂದೆ ಕೂರಿಸುವುದು ಆರೈಕೆ ಮಾಡುವವರಿಗೆ ಸುಲಭ, ರೋಗ ಬಂದವರಿಗೆ ಒಳ್ಳೆಯದಲ್ಲ. ಕೆಲಸವಿಲ್ಲದ ಕೈ ಬಾಗಿಲ ಚಿಲಕ ಹುಡುಕುತ್ತದೆ. ಶೇಂಗಾ ಬಿಡಿಸಲು ಕೊಡಿ. ಮೆಂತೆ ಸೊಪ್ಪು ಸೋಸಲಿ, ಹೂಬತ್ತಿ ಹೊಸೆಯಲಿ, ಒಣಗಿದ ಬಟ್ಟೆ ಮಡಚಲಿ. ಬೆಟಗೇರಿಯ ಮಗ್ಗದ ಮನೆಯ ಅಜ್ಜನಿಗೆ ನೂಲಿನ ಉಂಡೆ ಸುತ್ತುವ ಕೆಲಸ ಸಾಕು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ತೆಗೆಯುವುದು ಮಾತ್ರ ಬೇಡ, ಅದೇ ಕೈ ಕಣ್ಣಿಗೆ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಾಡಿ ತೋರಿಸಿ, ಕಾಯಿರಿ. ಮಡಿಕೆ ಸೊಟ್ಟಗಾದರೆ ಅವರೆದುರು ಬಿಚ್ಚಿ ಮತ್ತೆ ಮಡಚಬೇಡಿ. ಕೆಲಸ ಮುಗಿಯುವುದು ಇಲ್ಲಿ ಮುಖ್ಯವಲ್ಲ. ತನ್ನಿಂದ ಮನೆಗೆ ಇನ್ನೂ ಉಪಯೋಗವಿದೆ ಅನ್ನಿಸುವುದು ಮುಖ್ಯ. ಹಾಡುವ ಮನೆತನವಾದರೆ ವಚನ, ದಾಸರ ಪದ ಶುರು ಮಾಡಿ. ಮುಂದಿನ ಸಾಲು ಅವರೇ ಎತ್ತಿಕೊಳ್ಳುತ್ತಾರೆ.

ಮನೆಯಲ್ಲಿ ಮಾಡಬೇಕಾದ ಬದಲಾವಣೆಗಳು ಸಣ್ಣವು. ನೆಲದ ಮೇಲಿನ ಕಪ್ಪು ಚಾಪೆ ಅವರ ಕಣ್ಣಿಗೆ ಗುಂಡಿಯಾಗಿ ಕಾಣಬಹುದು, ತೆಗೆಯಿರಿ. ಕನ್ನಡಿಯಲ್ಲಿ ಯಾರೋ ಇದ್ದಾರೆ ಅಂತ ಹೆದರಿದರೆ ಬಟ್ಟೆ ಮುಚ್ಚಿ. ರಾತ್ರಿ ಪಾಯಖಾನೆಯ ದೀಪ ಉರಿಯಲಿ, ಬಾಗಿಲು ತೆರೆದಿರಲಿ. ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಕಾಣದೆ ಊಟ ಬಿಡುವವರಿದ್ದಾರೆ, ಬಣ್ಣದ ತಟ್ಟೆ ತನ್ನಿ. ರೋಗ ಮುಂದುವರಿದಂತೆ ನುಂಗುವುದು ಕಷ್ಟವಾಗುತ್ತದೆ. ಖಡಕ್ ರೊಟ್ಟಿ ಬಿಟ್ಟು ಹಾಲಲ್ಲಿ ನೆನೆಸಿದ ಮೆತ್ತನೆ ರೊಟ್ಟಿ, ಜೋಳದ ನುಚ್ಚು ಕೊಡಿ. ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು. ತೀರಾ ಕೊನೆಯ ಹಂತದಲ್ಲಿ ಮೂಗಿನ ನಳಿಗೆಯಿಂದ ಊಟ ಕೊಡುವುದರಿಂದ ಆಯುಷ್ಯ ಹೆಚ್ಚಿದ್ದಕ್ಕೆ ಆಧಾರವಿಲ್ಲ. ಕೈಯಿಂದ ತಿನ್ನಿಸಿದಷ್ಟೇ ಸಾಕು ಅನ್ನುತ್ತಾರೆ ತಜ್ಞರು.

ಕಾಣೆಯಾಗುವ ಭಯ ನಿಜವಾದದ್ದು. ಸಿಬಿಟಿಗೆ, ಅಂದರೆ ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣಕ್ಕೆ, ನಡೆದು ಹೋದವರು ಯಾವುದೋ ಬಸ್ ಹತ್ತಿ ಎಲ್ಲಿಗೋ ಇಳಿಯಬಹುದು. ಜೇಬಿನಲ್ಲಿ ಅಥವಾ ಕೊರಳ ದಾರದಲ್ಲಿ ಹೆಸರು, ಮನೆಯವರ ಫೋನ್ ನಂಬರ್ ಇರಲಿ. ಇತ್ತೀಚಿನ ಫೋಟೋ ಮೊಬೈಲಿನಲ್ಲಿರಲಿ. ಓಣಿಯ ಕಿರಾಣಿ ಅಂಗಡಿ, ಆಟೋ ಸ್ಟ್ಯಾಂಡಿನವರಿಗೆ ಹೇಳಿಡಿ. ಕಾಣಲಿಲ್ಲ ಅಂದರೆ ಮೊದಲು ಹಳೆ ಮನೆ, ಹಳೆ ಅಂಗಡಿ, ದಿನಾ ಹೋಗುತ್ತಿದ್ದ ಗುಡಿ ನೋಡಿ, ಜೊತೆಜೊತೆಗೇ 112ಕ್ಕೆ ಫೋನ್ ಮಾಡಿ. ಸಂಜೆವರೆಗೆ ಕಾಯಬೇಡಿ.

ಇಷ್ಟೆಲ್ಲ ಮಾಡುವವರು ಯಾರು? ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಒಬ್ಬಳೇ ಹೆಂಗಸು ಅಂತ ನನ್ನ ಅನಿಸಿಕೆ. ದೂರದ ಊರಿನ ಮಕ್ಕಳು ಫೋನ್ ಮಾಡಿ "ಚಲೋ ಮಾತಾಡಿದ್ಳಲ್ಲ, ನೀವು ಸುಮ್ನೆ ಹೆದರ್ತೀರಿ" ಅನ್ನುತ್ತಾರೆ. ಐದು ನಿಮಿಷದ ಕುಶಲ ವಿಚಾರಣೆ ರೂಢಿಯ ಮಾತು, ಅದು ತುಂಬ ಕಾಲ ಉಳಿದಿರುತ್ತದೆ. ಅವರನ್ನು ಒಂದು ವಾರ ಬಂದು ಒಬ್ಬರೇ ನೋಡಿಕೊಳ್ಳಲು ಹೇಳಿ, ಆ ವಾರ ನೋಡಿಕೊಳ್ಳುವವಳು ತವರಿಗೆ ಹೋಗಿಬರಲಿ. ರಾತ್ರಿ ನಿದ್ದೆಯಿಲ್ಲದೆ ಅವಳಿಗೇ ಖಿನ್ನತೆ ಬರುವುದು ಸಾಮಾನ್ಯ. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಹಿರಿಯರಿಗೆ ಸಂಬಂಧಿಸಿದ ಮಾಹಿತಿಗೆ 14567, ಎರಡೂ ಸರ್ಕಾರದ ಉಚಿತ ಸಹಾಯವಾಣಿ.

ಕಾಗದಪತ್ರದ ಕೆಲಸ ಮುಂದೂಡಬೇಡಿ. ಹೆಚ್ಚಿನವರು ಜನರಲ್ ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಅಂದುಕೊಂಡಿದ್ದಾರೆ. ಬರೆದುಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ನಮ್ಮ ಕಾನೂನಿನಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಪಾಲಕರ ನೇಮಕಕ್ಕೆ ಕೋರ್ಟಿಗೆ ಅಲೆಯಬೇಕು. ಹಾಗಾಗಿ ಆರಂಭದಲ್ಲೇ, ಅವರಿಗೆ ತಿಳಿಯುವಾಗಲೇ, ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಸರಿಯಿದೆಯಾ ನೋಡಿ. ಮೃತ್ಯುಪತ್ರ ಬರೆಸುವುದಾದರೆ ಅರಿವಿದೆ ಎಂಬ ಡಾಕ್ಟರ ಸರ್ಟಿಫಿಕೇಟ್ ಜೊತೆಗಿರಲಿ. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು, ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ.

ಕೊನೆಗೆ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ: ನಮಗೂ ಬರುತ್ತದಾ? ನೇರವಾಗಿ ವಂಶದಲ್ಲಿ ಹರಿಯುವ ಅಲ್ಝೈಮರ್ ತೀರಾ ವಿರಳ. ಹತ್ತಿರದವರಿಗೆ ಇದ್ದರೆ ಸಂಭವ ಸ್ವಲ್ಪ ಹೆಚ್ಚು, ಅಷ್ಟೇ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2024ರ ವರದಿ ನಾವು ಬದಲಿಸಬಹುದಾದ 14 ಕಾರಣಗಳನ್ನು ಗುರುತಿಸಿದೆ. ಅವುಗಳನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುತ್ತದೆ. ಬಿಪಿ, ಸಕ್ಕರೆ, ಬೀಡಿ-ಸಿಗರೇಟು, ಕುಡಿತ, ಕೂತಲ್ಲೇ ಕೂರುವುದು, ಒಂಟಿತನ ಅದರಲ್ಲಿವೆ. ಕಡಿಮೆ ಶಿಕ್ಷಣವೂ ಇದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ರೋಗ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಎರಡು ಭಾಷೆ ಮಾತಾಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು ಅಂತ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಹೈದರಾಬಾದಿನ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಹುಬ್ಬಳ್ಳಿಯವರಿಗೆ ಇದು ಖುಷಿಯ ಸುದ್ದಿ, ಆದರೆ ಇದನ್ನೇ ನಂಬಿ ಬಿಪಿ ಗುಳಿಗೆ ಬಿಡುವಂತಿಲ್ಲ.

ಆ ಪಟ್ಟಿಯಲ್ಲಿ ನಮ್ಮ ಜನ ಪೂರ್ತಿ ಕಡೆಗಣಿಸಿರುವುದು ಕಿವಿ. ಮಧ್ಯವಯಸ್ಸಿನಲ್ಲಿ ಕಿವುಡು ಬಂದು ಹಾಗೇ ಬಿಟ್ಟರೆ ಡಿಮೆನ್ಷಿಯಾದ ಸಂಭವ ಹೆಚ್ಚುತ್ತದೆ. ಚಾಳೀಸಿಗೆ ಇಲ್ಲದ ನಾಚಿಕೆ ಕಿವಿ ಮಷೀನಿಗೆ ಯಾಕೋ ಗೊತ್ತಿಲ್ಲ. ಮನೆಯಲ್ಲಿ ಯಾರಾದರೂ ಟಿವಿಯ ದನಿ ಏರಿಸುತ್ತಲೇ ಹೋಗುತ್ತಿದ್ದರೆ, ಕರೆದದ್ದಕ್ಕೆಲ್ಲ "ಆಂ?" ಅನ್ನುತ್ತಿದ್ದರೆ, ಅವರು ಐವತ್ತರವರೇ ಇರಲಿ, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.